ಕೊಡಿಯಾಲ ಬಂದರಿನಲ್ಲಿ ಹದಿನೈದು ದಿನ

ಶ್ರೀ ಕಾಳಿಕಾಂಬಾ ಪ್ರಸನ್ನ

ನಾಗಮಂಗಲ,
ರಾಕ್ಷಸ ಸಂವತ್ಸರದ ಮಾರ್ಗಶಿರ ಬಹುಳ ಬಿದಿಗೆ

ಗೋವಿಂದನಹಳ್ಳಿಯ ತವರುಮನೆಯಲ್ಲಿ ಏಳು ತಿಂಗಳಿಂದ ನನ್ನ ಮೇಲೆ ಮುನಿದು ಕುಳಿತಿರುವ ಅಣ್ಣಮ್ಮನಿಗೆ, ನಾಗಮಂಗಲದ ಕಂಚುಗಾರ ಕಾಳಾಚಾರಿ ಎರಡೂ ಕೈ ಜೋಡಿಸಿ ಹೇಳಿಕೊಳ್ಳುವ ಸಂಗತಿಗಳು. ಗಂಡನಾದವನು ಹೆಂಡತಿಗೆ ಕೈ ಜೋಡಿಸುವುದುಂಟೇ ಎಂದು ಅತ್ತೆಯವರು ಹುಬ್ಬು ಏರಿಸಬಹುದು. ಏರಿಸಲಿ! ಜೋಡಿಸಿದ ಕೈಯಲ್ಲಿ ಬರೆಯಲಾಗದು ಎಂಬ ಒಂದೇ ಕಾರಣಕ್ಕೆ ಬಲಗೈಯನ್ನು ಸ್ವಲ್ಪ ಬಿಡಿಸಿಕೊಂಡಿದ್ದೇನೆ. ಎಡಗೈ ಹಾಗೇ ಇದೆ.

ನಿಮ್ಮ ಮನೆಯಲ್ಲಿ ಅಕ್ಷರ ಬಲ್ಲವನು ನಿನ್ನ ತಮ್ಮ ತಮ್ಮಯ್ಯನೊಬ್ಬನೇ ಆದ್ದರಿಂದ ಇದನ್ನು ಓದಿ ಹೇಳುತ್ತಿರುವವನು ಅವನೇ. ಭಾವಮೈದುನನೇ, ನಿನ್ನದು ಸಣ್ಣ ಗಂಟಲು, ನನ್ನ ಮಾತಿಗೆ ಸಾಲದು. ಎದ್ದು ನಿಲ್ಲು. ಎದೆ ತುಂಬ ಉಸಿರು ತೆಗೆದುಕೋ. ಸಮುದ್ರ ಎಂದು ಬರೆದಲ್ಲೆಲ್ಲ ಕೊಟ್ಟಿಗೆಯ ದನ ಮೇವು ಬಿಟ್ಟು ಕತ್ತೆತ್ತುವ ಹಾಗೆ ಓದು.

ಅಣ್ಣಮ್ಮ, ಕೇಳು! ಕೊಡಿಯಾಲ ಬಂದರು! ಪಡುವಣ ಸಮುದ್ರ! ಅದರ ದಂಡೆಯ ಮೇಲೊಂದು ಮಹಡಿಮನೆ, ಆ ಮಹಡಿಯ ಮೇಲೊಂದು ತೂಗುಮಂಚ, ಆ ಮಂಚದ ಮೇಲೆ ಕಾಲು ಚಾಚಿ ಕುಳಿತ ನೀನು! ಒಂದಲ್ಲ, ಎರಡಲ್ಲ, ಹದಿನೈದು ದಿನ! ನೀರು ಸೇದುವಂತಿಲ್ಲ. ರಾಗಿ ಬೀಸುವಂತಿಲ್ಲ. ಬೆಳಗಾಗೆದ್ದು ನನ್ನ ಕುಲುಮೆಯ ಬೂದಿ ಬಾಚುವಂತಿಲ್ಲ. ಯಾರಾದರೂ ಬಂದು ‘ಅಮ್ಮಾ, ಅದೆಲ್ಲಿ, ಇದೆಲ್ಲಿ’ ಎಂದು ಕೇಳಿದರೆ ‘ನನಗೇನು ಗೊತ್ತು’ ಎನ್ನಬೇಕು, ಮತ್ತೆ ಕಡಲ ಕಡೆ ತಿರುಗಿಕೊಳ್ಳಬೇಕು. ಅಷ್ಟೇ ಅಲ್ಲಿ ನಿನ್ನ ಕೆಲಸ.

ಕನಸು ಕಂಡು ಬರೆಯುತ್ತಿದ್ದಾನೆ ಎಂದುಕೊಳ್ಳಬೇಡ. ಇದು ಒದಗಿದ ಬಗೆ ಹೀಗೆ.

ಪಟ್ಟಣದ ಗಂಜಾಮಿನಲ್ಲಿ ಸೋಮಯ್ಯ ಶೆಟ್ಟರು ಎಂಬ ಬಟ್ಟೆ ವ್ಯಾಪಾರಿಗಳಿದ್ದಾರೆ. ಅವರ ಬಟ್ಟೆಯ ಗಂಟುಗಳು ಎತ್ತಿನ ಬೆನ್ನೇರಿ ಘಟ್ಟ ಇಳಿದು ಕೊಡಿಯಾಲ ಸೇರುತ್ತವೆ, ಅಲ್ಲಿಂದ ಅವರದೇ ಹಡಗಿನಲ್ಲಿ ಅರಬರ ನಾಡಿಗೆ ಹೋಗುತ್ತವೆ. ಆ ಹಡಗಿಗೆ ಒಂದು ಗಂಟೆ ಬೇಕಾಗಿತ್ತು. ಮಂಜು ಮುಸುಕಿದಾಗ ದೂರದ ದೋಣಿಯವರಿಗೆ ಕೇಳಿಸುವಂಥ ಗಂಟೆ. ಹೇಳಿ ಕಳಿಸಿದ್ದು ಯಾರಿಗೆ? ಈ ಕಾಳಾಚಾರಿಗೆ!

ಮೊದಲನೆಯ ಎರಕ ಕೆಟ್ಟಿತು. ಅದನ್ನು ಮುಚ್ಚಿಡುವುದಿಲ್ಲ. ಮೇಣವನ್ನು ರಾಳದೊಡನೆ ನಾದಿ ಹದ ಮಾಡಿ ಕೊಡುತ್ತಿದ್ದವಳು ನೀನು, ಈ ಸಲ ನಾನೇ ನಾದಿದೆ. ಮೇಣದ ಗಂಟೆಯ ಮೈ ಕೂದಲೆಳೆಯಷ್ಟು ಬಿರಿದಿತ್ತು. ಮೇಲೆ ಮೆತ್ತಿದ ಮಣ್ಣು ಆ ಬಿರುಕಿಗೂ ಇಳಿದುಕೊಂಡಿತ್ತು. ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕಂಚು ಹೊಯ್ದು, ಆರಿಸಿ, ಅಚ್ಚು ಒಡೆದು ನೋಡಿದರೆ ಗಂಟೆಯ ಕೊರಳಿಂದ ಕೆಳಗಿನ ತನಕ ಸೀಳು. ಬಡಿದರೆ ಒಡಕು ಮಡಕೆಯ ದನಿ. ಎರಡನೆಯ ಸಲ ಮೂರು ದಿನ ನಾದಿದೆ. ನೀನು ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ನನ್ನ ಹೆಬ್ಬೆರಳು ಮೂರೇ ದಿನಕ್ಕೆ ಬದನೆಕಾಯಿಯಂತೆ ಊದಿಕೊಂಡಿತು. ಆದರೆ ಗಂಟೆ! ಆಹಾ! ಗಂಜಾಮಿನ ಅಂಗಳದಲ್ಲಿ ತೂಗುಹಾಕಿ ಬಡಿದಾಗ ಹೊಳೆಯಾಚೆ ಕಬ್ಬು ಕಡಿಯುತ್ತಿದ್ದ ಆಳುಗಳು ಕೈಯ ಕತ್ತಿಯನ್ನು ಹಾಗೇ ಹಿಡಿದು ನಿಂತರಂತೆ.

ಶೆಟ್ಟರಿಗೆ ಸಂತೋಷವಾಯಿತು. “ಏನ್ ಬೇಕೋ ಕೇಳಪ್ಪ ಆಚಾರಿ, ನಾಚ್ಕೋಬ್ಯಾಡ” ಎಂದರು.

“ನಿಮ್ಮ ಬಂದರ್ ಮನೆ ಬೇಕು ಬುದ್ಧಿ, ಹದಿನೈದ್ ದಿವ್ಸುಕ್ಕೆ” ಎಂದೆ.

“ಯಾವ್ ಕೆಲ್ಸುಕ್ಕೆ?”

“ಯಾವ್ ಕೆಲ್ಸುಕ್ಕೂ ಅಲ್ಲ. ಸುಮ್ಕೆ ಕುಂತ್ಕಳಾಕೆ.”

ಶೆಟ್ಟರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ನಕ್ಕರು. “ನಲವತ್ ವರ್ಸದಿಂದ ಆ ಬಂದರ್ಗೆ ಓಗ್ಬರ್ತಾವ್ನಿ ಕಣಯ್ಯ. ಸರಕ್ ತುಂಬಾಕೆ ಓಗೋರ್ನ ಕಂಡಿವ್ನಿ, ಸುಂಕ ವಸೂಲ್ ಮಾಡಾಕೆ ಓಗೋರ್ನ ಕಂಡಿವ್ನಿ. ಸುಮ್ಕೆ ಕುಂತ್ಕಳಾಕೆ ಓಗೋನ್ನ ಇವತ್ತೇ ಕಂಡಿದ್ದು!” ಎಂದು ಮನೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಗಂಟೆಯನ್ನು ಹಡಗಿಗೆ ಕಟ್ಟಿ ಅದು ಸರಿಯಾಗಿ ತೂಗಾಡುತ್ತದೆಯೇ ಎಂದು ನೋಡಿ ಬರಲು ಯಾರಾದರೂ ಹೋಗಲೇಬೇಕಿತ್ತು. ಆ ಯಾರಾದರೂ ನಾನೇ.

ಈಗ ಪಯಣದ ಏರ್ಪಾಡು ಕೇಳು. ಶೆಟ್ಟರ ಹೇರೆತ್ತುಗಳು ಬರುವ ಷಷ್ಠಿಯ ಬೆಳಗ್ಗೆ ಅತ್ತಿಕುಪ್ಪೆ ಪೇಟೆಯಿಂದ ಹೊರಡುತ್ತವೆ, ನಿಮ್ಮೂರ ಪಕ್ಕದ ದಾರಿಯಲ್ಲೇ ಹಾದು ಹಾಸನದ ಕಡೆ ತಿರುಗುತ್ತವೆ. ನಿನಗೆ ಕಮಾನು ಕಟ್ಟಿದ ಗಾಡಿ. ಹಿರೋಡೆಯ ಬಡಗಿಯಿಂದ ಬಿದಿರಿನ ಕಮಾನು ಹಾಕಿಸಿದ್ದೇನೆ, ಒಳಗೆ ಮೊಣಕಾಲುದ್ದ ಹುಲ್ಲು, ಅದರ ಮೇಲೆ ಎರಡು ಕಂಬಳಿ. ಘಟ್ಟದ ಇಳಿಜಾರಿನಲ್ಲಿ ಗಾಡಿ ಇಳಿಯದು. ಅಲ್ಲಿ ನಿನಗೆ ಡೋಲಿ! ನಾಲ್ವರು ಹೊರುವವರು! ನಾನು ಪಕ್ಕದಲ್ಲಿ ಕೊಡೆ ಹಿಡಿದು ನಡೆಯುತ್ತೇನೆ. ಬಿಸಿಲು ಬೀಳದ ಕಾಡಿನಲ್ಲಿ ಕೊಡೆ ಯಾಕೆಂದು ಹೊರುವವರು ಕೇಳಿದರೆ ‘ನಿಮ್ಮ ಕೆಲಸ ನೋಡಿ’ ಎನ್ನುತ್ತೇನೆ.

ಕೊಡಿಯಾಲದಲ್ಲಿ ನಾವಿರುವ ಮನೆ, ನೇತ್ರಾವತಿ ಹೊಳೆ ಕಡಲು ಸೇರುವ ಅಳಿವೆಯ ಎದುರಿಗಿದೆ. ಹಡಗುಗಳೆಲ್ಲ ಹೊರಗಿನ ಅಲೆಗೆ ಸಿಕ್ಕದೆ ಒಳಗೆ ಬಂದು ತಂಗುವುದು ಅಲ್ಲೇ. ಮಹಡಿಯ ಕಿಟಕಿ ತೆಗೆದರೆ ಸಾಲು ಸಾಲು ಪಟದ ಕಂಬಗಳು, ಎಲೆ ಉದುರಿದ ಬಿದಿರು ಮೆಳೆಯ ಹಾಗೆ. ಅಡಿಗೆಗೆ ಒಬ್ಬ ಮುದುಕಿ ಇದ್ದಾಳೆ, ಬಿಸಿನೀರು ಕಾಯಿಸಲು ಒಬ್ಬ ಆಳಿದ್ದಾನೆ. ಬೆಳಗ್ಗೆ ಎಳನೀರು. ಆಮೇಲೆ ತಲೆಗೆ ಎಣ್ಣೆ. ಆಮೇಲೆ ಊಟ. ಆಮೇಲೆ ತೂಗುಮಂಚ. ಸಂಜೆ ಮರಳಿನ ಮೇಲೆ ನಾಲ್ಕು ಹೆಜ್ಜೆ, ಬೇಕೆನಿಸಿದರೆ ಮಾತ್ರ. ಅಲ್ಲಿಯವರಿಗೆ ಅನ್ನವೇ ಊಟ, ರಾಗಿ ಎಂದರೆ ಕಣ್ಣು ಕಣ್ಣು ಬಿಡುತ್ತಾರಂತೆ. ಅದಕ್ಕೇ ಎರಡು ಕೊಳಗ ಹಿಟ್ಟು ಕಟ್ಟಿಕೊಂಡಿದ್ದೇನೆ. ಮುದ್ದೆ ಕೋಲು ನಿನ್ನ ಕೈಗೆ ಕೊಡುವುದಿಲ್ಲ. ಏಳು ತಿಂಗಳಲ್ಲಿ ನಾನೇ ಕಲಿತಿದ್ದೇನೆ. ಗಂಟಾಗುತ್ತದೆ, ಆದರೆ ಹೊಟ್ಟೆಗೆ ಹೋದ ಮೇಲೆ ಗಂಟು ಯಾರಿಗೆ ಕಾಣುತ್ತದೆ? ಮೇಲುಕೋಟೆಯ ನೇಕಾರರಿಂದ ಒಂದು ಸೀರೆಯನ್ನೂ ತಂದಿದ್ದೇನೆ. ಬಣ್ಣ ನಿನಗೆ ಹಿಡಿಸದಿದ್ದರೆ ಅದನ್ನು ಹಡಗಿನವರಿಗೆ ಪಟಕ್ಕೆ ಕೊಟ್ಟುಬಿಡೋಣ.

ಇನ್ನು ಆ ಸಮುದ್ರ! ತಮ್ಮಯ್ಯ, ದನಿ ಏರಿಸು! ಮುಗಿಲಿಗೆ ಮುಗಿಲಾಗಿ ಮೊರೆವ, ದಿಗಂತವನ್ನೇ ದಡವಾಗಿ ಮಾಡಿಕೊಂಡ, ಸಾವಿರ ಆನೆಗಳು ಒಮ್ಮೆಗೇ ಸೊಂಡಿಲೆತ್ತಿದಂತೆ ಅಲೆಯೆತ್ತಿ ಬರುವ ಆ ಮಹಾ...

ಇರಲಿ, ಇಲ್ಲಿಗೆ ನಿಲ್ಲಿಸುತ್ತೇನೆ. ನಾನು ಹದಿನಾರು ವರ್ಷದವನಾಗಿದ್ದಾಗ ಕಡಲು ಕಂಡು ಬಂದವನು ಎಂದು ಮದುವೆಯಾದ ಹೊಸದರಲ್ಲಿ ನಿನಗೆ ಹೇಳಿದ್ದೆ. ನೀನು ಬೆಲ್ಲ ಕಂಡ ಮಗುವಿನ ಹಾಗೆ ಮತ್ತೆ ಮತ್ತೆ ಕೇಳುತ್ತಿದ್ದೆ. ನಾನು ಪ್ರತಿ ಸಲವೂ ಒಂದೊಂದು ಅಲೆ ಹೆಚ್ಚು ಹಾಕಿ ಹೇಳುತ್ತಿದ್ದೆ. ಕಂಡಿಲ್ಲ ಅಣ್ಣಮ್ಮ. ಹಾಸನದಿಂದಾಚೆಗೆ ನಾನು ಕಾಲಿಟ್ಟಿಲ್ಲ. ನಿನಗೆ ಹೇಳಿದ್ದೆಲ್ಲ ಬಯಲಾಟದ ಮಾತುಗಾರಿಕೆ, ನಮ್ಮ ಭಾಗವತರು ಬಾಯಿಪಾಠ ಮಾಡಿಸಿದ್ದು. ಅವರೂ ಕಡಲು ಕಂಡವರಲ್ಲ. ಈಗ ಇಬ್ಬರೂ ಮೊದಲ ಸಲ ನೋಡೋಣ. ಅದು ನಮ್ಮೂರ ಕೆರೆಯಷ್ಟೇ ಇದ್ದರೆ ನೀನು ನಗು. ನನ್ನನ್ನು ನೋಡಿ ನೀನು ನಕ್ಕು ಬಹಳ ದಿನವಾಯಿತು.

ನೀನು ಹೋದದ್ದು ಯಾಕೆ ಎಂಬುದಕ್ಕೆ ಬರುತ್ತೇನೆ. ಅದನ್ನು ಬಳಸಿಕೊಂಡು ಎರಡು ಹಾಳೆ ಬರೆದೆ. ಇನ್ನು ಬಳಸುವುದಕ್ಕೆ ದಾರಿಯಿಲ್ಲ.

ಊರವರು ಆ ಸಂಗತಿಯನ್ನು ಮರೆತೇಬಿಟ್ಟಿದ್ದಾರೆ, ನೀನು ಧಾರಾಳವಾಗಿ ಬರಬಹುದು ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದು ಹಾಕಿದ್ದೇನೆ, ತಮ್ಮಯ್ಯನಿಗೆ ಅಲ್ಲಿ ಮಸಿಯ ಗೀಟು ಕಾಣುತ್ತಿರಬೇಕು. ಅವರು ಮರೆತಿಲ್ಲ. ಹೋದ ವಾರವೂ ಎಣ್ಣೆ ಗಾಣದ ಹತ್ತಿರ ಒಬ್ಬ “ಏನಣ್ಣ, ಕಡಲ್ ರಾಣಿ ಇನ್ನೂ ಬರ್ನಿಲ್ವಾ?” ಎಂದ. ನಾನು ಕಲಿಸಿದ ಹೆಸರು, ನನಗೇ ಹೇಳಿದ.

ನೀನು ಆ ಮಾತು ನನಗೆ ಹೇಳಿದ್ದು ಮೇಣದ ಎಳೆ ಹೊಸೆಯುತ್ತಾ ಕುಳಿತಿದ್ದಾಗ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ತಲೆ ತಗ್ಗಿಸಿಕೊಂಡೇ ಹೇಳಿದೆ: “ಒಂದ್ಕಿತ ಕಡ್ಲ ನೋಡ್ಬೇಕು ಕಣಿ. ದೇವ್ರುಗ್ ಅರಕೆ ಅಂತಲ್ಲ, ಏನೂ ಅಲ್ಲ. ಸುಮ್ಕೆ ಕಾಲ್ ಚಾಚ್ಕಂಡ್ ಕುಂತ್ಕಬೇಕು. ಯಾರೂ ಏನೂ ಕೇಳ್ಬಾರ್ದು.” ಇಪ್ಪತ್ತು ವರ್ಷದಲ್ಲಿ ನೀನು ನನ್ನಲ್ಲಿ ಕೇಳಿದ್ದು ಅದೊಂದೇ. ನಾನು ಒಲೆಯ ಮೇಲೆ ಕಂಚು ಕರಗುತ್ತಿದ್ದ ಮೂಸೆ ನೋಡುವ ನೆಪದಲ್ಲಿ ಎದ್ದು ಹೋದೆ. ನನ್ನ ಕೈಯಲ್ಲಿ ಆಗದ್ದನ್ನು ಕೇಳಿದಳಲ್ಲ ಎಂದು ಒಳಗೊಳಗೇ ಕುದಿಯಿತು.

ಅದಾಗಿ ಎಂಟು ದಿನಕ್ಕೆ ನಮ್ಮೂರ ಬಯಲಾಟ. ನನ್ನದು ರಕ್ಕಸ ದೊರೆಯ ವೇಷ. ಶತ್ರುಗಳು ಕಡಲು ದಾಟಿ ಬರುತ್ತಿದ್ದಾರೆ ಎಂದು ಚಾರ ಬಂದು ಸುದ್ದಿ ಹೇಳುತ್ತಾನೆ, ನಾನು ಗಹಗಹಿಸಿ ನಗಬೇಕು, ಪ್ರಸಂಗದಲ್ಲಿ ಇರುವುದು ಅಷ್ಟೇ. ಜನ ತೂಕಡಿಸುತ್ತಿದ್ದರು. ತೂಕಡಿಸುವ ಜನವನ್ನು ಕಂಡರೆ ನನಗೆ ಮೈಮೇಲೆ ಇರುವೆ ಬಿಟ್ಟ ಹಾಗೆ ಆಗುತ್ತದೆ, ಅದು ನಿನಗೆ ಗೊತ್ತು. ಬಾಯಿಗೆ ಬಂದದ್ದು ಬಂದೇಬಿಟ್ಟಿತು: “ಏಯ್ ಚಾರಾ! ಕಡ್ಲ ದಾಟ್ತಾವ್ರಾ? ದಾಟ್ಲಿ ಬುಡ್ಲಾ! ನಮ್ಮನೇಲೂ ಒಬ್ಳವ್ಳೆ, ಕಡಲ್ ರಾಣಿ! ದಂಡೇಲಿ ಕಾಲ್ ಚಾಚ್ಕಂಡ್ ಕುಂತ್ಕಬೇಕಂತೆ! ಕರ್ಕಂಡ್ ಓಗ್ಬುಡ್ಲಿ ಅವ್ಳ್ನೂವೆ! ರಾಗಿ ಬೀಸಾಕೆ ನಿನ್ನೇ ಮಡಿಕತೀನಿ ಕಣ್ಲಾ!”

ಜನ ಎದ್ದು ಕುಳಿತರು. ಶಿಳ್ಳೆ ಹೊಡೆದರು. ಇನ್ನೊಂದು ಸಲ ಹೇಳೆಂದರು. ನಾನು ಇನ್ನೊಂದು ಸಲ ಹೇಳಿದೆ. ಹೆಂಗಸರ ಕಡೆ ನೀನು ಕುಳಿತಿದ್ದ ಜಾಗ ಖಾಲಿಯಾದದ್ದನ್ನು ಕಿರೀಟದ ಕೆಳಗಿಂದ ಕಂಡೆ. ಆಗಲೂ ನಿಲ್ಲಿಸಲಿಲ್ಲ. ಇದನ್ನು ಬರೆಯುವಾಗ ಲೇಖನಿ ಎರಡು ಸಲ ಕೆಳಗಿಟ್ಟೆ.

ಬೆಳಗ್ಗೆ ಬಾವಿಯ ಹತ್ತಿರ ಎದುರುಮನೆ ಕುಳ್ಳಮ್ಮ “ಏನವ್ವ ಕಡಲ್ ರಾಣಿ, ಈ ಬಾವಿ ನೀರು ನಿಂಗ್ ಸಾಕಾಯ್ತದೇನವ್ವ?” ಎಂದಳಂತೆ. ನೀನು ಬಂದು ಖಾಲಿ ಕೊಡ ಕೆಳಗಿಟ್ಟೆ. ಕೂಗಾಡಲಿಲ್ಲ. “ನಾನು ಏಳಿದ್ದು ನಿಮ್ಗೆ ಅಂತ ಕಣಿ. ಊರ್ಗೆ ಅಂತಲ್ಲ” ಎಂದೆ. ಸೀರೆ ಎರಡು ಕಟ್ಟಿಕೊಂಡು ಹೊರಟೆ. ತಮಾಷೆಗೆ ಅಂದದ್ದು, ನಾಲ್ಕು ದಿನಕ್ಕೆ ಬರುತ್ತಾಳೆ ಎಂದುಕೊಂಡೆ. ನಾಲ್ಕು ದಿನ ನಾಲ್ಕು ವಾರವಾಯಿತು, ಮಳೆಗಾಲ ಬಂದು ಹೋಯಿತು.

ಕಾರ್ತಿಕದಲ್ಲಿ ನನಗೊಂದು ಮಹಾ ಉಪಾಯ ಹೊಳೆಯಿತು. ಅದೇ ಬಯಲು, ಅದೇ ಅಟ್ಟ, ಅದೇ ಜನ! ವೇಷ ಕಟ್ಟಿ ನಿಂತು, ನಡುವೆ ಕಿರೀಟ ಕಿತ್ತು ನೆಲಕ್ಕಿಟ್ಟು, ಊರೆಲ್ಲ ಕೇಳುವ ಹಾಗೆ ತಪ್ಪೊಪ್ಪಿಕೊಳ್ಳುವುದು! ಮದ್ದಳೆಯವನಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಡಿಯಬೇಕು ಎಂದೂ ಹೇಳಿಕೊಟ್ಟಿದ್ದೆ. ನನ್ನ ದೊಡ್ಡವ್ವ ದೊಡ್ಡತಾಯಮ್ಮನ ಮುಂದೆ ಒಂದು ಸಲ ಆಡಿ ತೋರಿಸಿದೆ. ಆಕೆ ಹುರುಳಿ ಕೇರುತ್ತಿದ್ದ ಮೊರ ಕೆಳಗಿಟ್ಟು ಹೇಳಿದ್ದು ಇಷ್ಟು: “ಏನ್ಲಾ ಕಾಳ, ತಪ್ಪಾಯ್ತು ಅನ್ನಾಕೂ ಜನ ಬೇಕೇನ್ಲಾ ನಿಂಗೆ? ಓದ್ ಸಲ ಅವ್ಳ ಮಾತ್ನ ಅಟ್ಟುಕ್ ಅತ್ಸಿ ನಗ್ಸಿದ್ದೆ, ಈಗ ಅದೇ ಮಾತ್ನ ಅತ್ಸಿ ಅಳುಸ್ಬೇಕಾ? ಎಂಗ್ ನೋಡಿದ್ರೂ ಚಪ್ಪಾಳೆ ನಿಂಗೇಯ!”

ಅಣ್ಣಮ್ಮ, ಐವತ್ತು ಊರುಗಳ ಬಯಲಿನಲ್ಲಿ ಎದುರಾಳಿಯ ಮಾತಿಗೆ ಮಾತು ಕೊಟ್ಟು ಗೆದ್ದವನು ನಾನು. ಮುದುಕಿಯ ಮೊರದ ಮುಂದೆ ಸೋತೆ. ಆ ಆಟಕ್ಕೆ ನಾನು ಹೋಗಲಿಲ್ಲ. ರಕ್ಕಸನ ವೇಷವನ್ನು ನಮ್ಮ ಮೇಳದ ಮರಿಸ್ವಾಮಿ ಕಟ್ಟಿದ. ಚೆನ್ನಾಗಿಯೇ ಕಟ್ಟಿದನಂತೆ, ಹಾಳಾದವನು.

ಆದರೂ ಹುಟ್ಟುಗುಣ ನೋಡು. ಶೆಟ್ಟರು ಬೀಗದ ಕೈ ಕೊಟ್ಟ ಕೂಡಲೇ “ನಮ್ಮನೆಯೋಳೂ ಬತ್ತಾಳೆ ಬುದ್ಧಿ, ಅವ್ಳಿಗೋಸ್ಕರವೇ ಕೇಳಿದ್ದು” ಎಂದು ಅಂಗಡಿಯ ತುಂಬ ಜನದ ಎದುರು ಸಾರಿಬಿಟ್ಟೆ. ನಿನ್ನನ್ನು ಕೇಳದೆ, ಮತ್ತೆ! ಗಂಜಾಮಿನಿಂದ ಹೊರಟು ಅರ್ಧ ಹರದಾರಿ ಬಂದ ಮೇಲೆ ಅದು ತಲೆಗೆ ಹತ್ತಿತು. ಹಿಂದಕ್ಕೆ ನಡೆದು ಹೋಗಿ ಹೇಳಿದೆ: ‘ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಅವಳ ಇಷ್ಟ. ಅವಳು ಬಾರದಿದ್ದರೆ ನಾನೂ ಹೋಗುವುದಿಲ್ಲ. ಗಂಟೆ ಕಟ್ಟುವುದನ್ನು ನಿಮ್ಮ ಆಳಿಗೆ ಕಲಿಸಿಕೊಡುತ್ತೇನೆ.’ ಶೆಟ್ಟರು “ಕೀಲಿಕೈ ನಿನ್ ತಾವೇ ಇರ್ಲಿ ಬುಡು. ಷಷ್ಠಿಗಂಟ ದಿನ ಅವೆ” ಎಂದು ಒಳಗೆ ಹೋದರು.

ಹಾಗಾಗಿ ಇದು ಅಪ್ಪಣೆಯಲ್ಲ, ಕರೆಯುವುದು. ನೀನು ಬಂದರೂ ಹದಿನೈದು ದಿನದ ಮೇಲೆ ನಾಗಮಂಗಲಕ್ಕೇ ಬರಬೇಕು ಎಂಬ ಕರಾರಿಲ್ಲ. ಅಲ್ಲಿಂದ ನೇರ ತವರಿಗೆ ಬಿಡು ಎಂದರೆ ಬಿಡುತ್ತೇನೆ. ಕಡಲು ಕಡಲಿಗಾಗಿಯೇ ಇರಲಿ, ನನ್ನನ್ನು ಕ್ಷಮಿಸಿದ್ದಕ್ಕೆ ಕೊಟ್ಟ ಬೆಲೆಯಾಗುವುದು ಬೇಡ.

ನಿನಗೆ ಮಾತ್ರ ಹೇಳಬೇಕಾದ್ದು ಇನ್ನೂ ಇದೆ. ಆದರೆ ಈಗ ಇದನ್ನು ತಮ್ಮಯ್ಯ ಓದುತ್ತಿದ್ದಾನೆ, ಅತ್ತೆಯವರು ಕಂಬಕ್ಕೊರಗಿ ಕೇಳುತ್ತಿದ್ದಾರೆ, ಬೇಲಿಯಾಚೆ ಇನ್ನಿಬ್ಬರು ಬಂದು ನಿಂತಿರುತ್ತಾರೆ. ಗಟ್ಟಿಯಾಗಿ ಓದು ಎಂದು ಮೊದಲಲ್ಲೇ ಹೇಳಿದವನು ನಾನೇ, ನೋಡು! ಕಾಗದ ಬರೆಯಲು ಕುಳಿತರೂ ಎದುರಿಗೆ ಜನವನ್ನು ಕೂರಿಸಿಕೊಂಡೇ ಕುಳಿತೆ. ತಮ್ಮಯ್ಯ, ಕುಳಿತುಕೊಳ್ಳಪ್ಪ. ನಿನ್ನ ಸಣ್ಣ ಗಂಟಲೇ ಸರಿ. ಮಿಕ್ಕ ಮಾತನ್ನು ನಾನು ಕಾಗದಕ್ಕೆ ಹಾಕುವುದಿಲ್ಲ.

ಇಂತು, ವೇಷ ಬಿಚ್ಚಿ, ಬಣ್ಣ ತೊಳೆದು, ಬರಿಯ ಮುಖದಲ್ಲಿರುವ,
ನಿನ್ನ ಕಾಳಾಚಾರಿ

ಅಡಿಯಲ್ಲಿ ಸೇರಿಸಿದ್ದು: ತಮ್ಮಯ್ಯ, ಇದನ್ನು ನಿನ್ನ ಅಕ್ಕನೊಬ್ಬಳನ್ನೇ ಹಿತ್ತಿಲಿಗೆ ಕರೆದುಕೊಂಡು ಹೋಗಿ ಓದು.

ಅಣ್ಣಮ್ಮ, ಮೇಲೆ ನಾಗಮಂಗಲ ಎಂದು ಬರೆದದ್ದು ಸುಳ್ಳು. ಈ ಕಾಗದ ತಂದುಕೊಟ್ಟ ದಾಸಯ್ಯ ನಡೆದದ್ದು ಎರಡು ಬೀದಿ ಮಾತ್ರ. ಮೂರು ದಿನದಿಂದ ನಾನು ನಿಮ್ಮೂರಿನ ಪಂಚಲಿಂಗೇಶ್ವರನ ಗುಡಿಯಲ್ಲೇ ಇದ್ದೇನೆ. ನಿಮ್ಮ ಬೀದಿಯ ಮೂಲೆಯ ತನಕ ನಾಲ್ಕು ಸಲ ಬಂದೆ, ನಾಲ್ಕು ಸಲವೂ ಕಾಲು ಹಿಂದಕ್ಕೆ ತಿರುಗಿತು. ನೀನು ಬಾರದಿದ್ದರೆ ನಾನು ಬಾಗಿಲಿಗೆ ಬಂದು ನಿಲ್ಲುವುದಿಲ್ಲ, ಬಂದಿದ್ದೆನೆಂದು ಯಾರಿಗೂ ಹೇಳುವುದೂ ಇಲ್ಲ. ಬರುವುದಾದರೆ ಒಬ್ಬಳೇ ಬಾ. ಆ ಮಿಕ್ಕ ಮಾತನ್ನು ಇಲ್ಲಿ ಒಂದರ ಪಕ್ಕ ಒಂದಿರುವ ಐದು ಗರ್ಭಗುಡಿಗಳ ಮುಂದೆ ಒಂದೊಂದಾಗಿ ನಿಂತು ಹೇಳಿ ನೋಡುತ್ತಿದ್ದೇನೆ, ಮೆಲ್ಲಗೆ ಹೇಳುವುದು ಅಭ್ಯಾಸವಾಗಲಿ ಎಂದು. ಐದರಲ್ಲಿ ಒಂದೂ ನಗಲಿಲ್ಲ. ಮೊನ್ನೆ ಕೆರೆ ಏರಿಯ ತನಕ ಕೇಳುತ್ತಿತ್ತು, ಇವತ್ತು ಹೊರಬಾಗಿಲ ತನಕ ಮಾತ್ರ ಎಂದು ಪೂಜಾರಪ್ಪ ಹೇಳಿದರು. ಇನ್ನೂ ತಗ್ಗಿಸಿ ಒಂದೇ ಕಿವಿಯ ಅಳತೆಗೆ ತರಬೇಕಾದರೆ, ಆ ಕಿವಿಯೇ ಬಂದು ಹತ್ತಿರ ಕೂರಬೇಕು.